ಅಡಿಕೆ ತೋಟದ ತಾಮ್ರ: ಮಣ್ಣಿನಲ್ಲಿ ಎಷ್ಟಿದೆ, ಬೇರಿಗೆ ಎಷ್ಟು ಮುಟ್ಟುತ್ತದೆ?

2025ರ ಏಪ್ರಿಲ್ ತಿಂಗಳಲ್ಲಿ ‘ಸೈನ್ಸ್’ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಜಗತ್ತಿನ ಸಾಗುವಳಿ ಭೂಮಿಯ ಶೇ 14ರಿಂದ 17ರಷ್ಟು ಭಾಗದಲ್ಲಿ ಕನಿಷ್ಠ ಒಂದಾದರೂ ವಿಷಕಾರಿ ಲೋಹ ಸುರಕ್ಷಿತ ಮಿತಿಯನ್ನು ಮೀರಿದೆ ಎಂದು ಅಂದಾಜು ಮಾಡಿತು. ಆರ್ಸೆನಿಕ್, ಕ್ಯಾಡ್ಮಿಯಂ, ಕೋಬಾಲ್ಟ್, ಕ್ರೋಮಿಯಂ, ತಾಮ್ರ, ನಿಕ್ಕಲ್ ಮತ್ತು ಸೀಸ ಅದು ಲೆಕ್ಕಕ್ಕೆ ತೆಗೆದುಕೊಂಡ ಲೋಹಗಳು. ಅದೇ ವರ್ಷದ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯವು ಮಲಿನಗೊಂಡ ಸ್ಥಳಗಳ ನಿರ್ವಹಣೆಗೆ ಹೊಸ ನಿಯಮಗಳನ್ನು ಹೊರಡಿಸಿತು. ಇತ್ತ ಮಲೆನಾಡಿನಲ್ಲಿ ಕೊಳೆರೋಗದ ಜೊತೆಗೆ ಎಲೆಚುಕ್ಕೆ ರೋಗವೂ ಸೇರಿಕೊಂಡು, ಅಡಿಕೆ ತೋಟಗಳಲ್ಲಿ ಔಷಧಿ ಹೊಡೆಯುವ ಸಲ ಹೆಚ್ಚಿದೆ. ಈ ಸುದ್ದಿಗಳು ಒಟ್ಟಿಗೆ ಬಂದು, ‘ನಮ್ಮ ತೋಟದ ಮಣ್ಣೂ ವಿಷವಾಗಿದೆಯೇ’ ಎಂಬ ಪ್ರಶ್ನೆಯನ್ನು ಎಬ್ಬಿಸಿವೆ.

ಈ ಪ್ರಶ್ನೆಯೊಳಗೆ ವಾಸ್ತವವಾಗಿ ಮೂರು ಪ್ರಶ್ನೆಗಳಿವೆ. ಮಣ್ಣಿನಲ್ಲಿ ಲೋಹ ಎಷ್ಟು ಸೇರಿದೆ ಎಂಬುದು ಒಂದು. ಅದರಲ್ಲಿ ಎಷ್ಟು ಭಾಗ ಗಿಡದ ಬೇರಿಗೆ ತಾಗುತ್ತದೆ ಎಂಬುದು ಎರಡನೆಯದು. ಬೆಳೆಯನ್ನು ತಿನ್ನುವವರಿಗೆ ಅದರಿಂದ ಏನಾಗುತ್ತದೆ ಎಂಬುದು ಮೂರನೆಯದು. ಇವುಗಳ ಉತ್ತರ ಲೋಹದಿಂದ ಲೋಹಕ್ಕೆ ಮಾತ್ರವಲ್ಲ, ಆಗುಂಬೆಯ ತಪ್ಪಲಿನ ತೋಟದಿಂದ ಭದ್ರಾವತಿಯ ನಾಲೆ ಬಯಲಿನ ತೋಟಕ್ಕೂ ಬದಲಾಗುತ್ತದೆ. ಶಿವಮೊಗ್ಗ ಜಿಲ್ಲೆಯ ಮಟ್ಟಿಗೆ ಮೊದಲು ನೋಡಬೇಕಾದ ಲೋಹ ತಾಮ್ರ. ಏಕೆಂದರೆ ಅದನ್ನು ಕಾರ್ಖಾನೆಯಾಗಲಿ ಗಣಿಯಾಗಲಿ ತಂದು ಸುರಿದದ್ದಲ್ಲ. ಬೆಳೆ ಉಳಿಸಿಕೊಳ್ಳಲು ನಾವೇ ಮಳೆಗಾಲಕ್ಕೆ ಎರಡು ಮೂರು ಸಲ ಔಷಧಿಯ ರೂಪದಲ್ಲಿ ಮರದ ತುದಿಗೆ ಏರಿಸಿದ್ದು.

ಹೊಸ ನಿಯಮಗಳ ಬಗ್ಗೆ ಇಲ್ಲಿಯೇ ಒಂದು ಮಾತು ಹೇಳಿ ಮುಗಿಸಬಹುದು. ಅವು ಅಪಾಯಕಾರಿ ತ್ಯಾಜ್ಯ ಸುರಿದು ಕೆಟ್ಟ ನಿರ್ದಿಷ್ಟ ಜಾಗಗಳನ್ನು ಗುರುತಿಸಿ, ಹೊಣೆಗಾರರಿಂದ ಶುದ್ಧೀಕರಣ ಮಾಡಿಸುವ ಉದ್ದೇಶದವು. ಶಿಫಾರಸಿನಂತೆ ಔಷಧಿ ಹೊಡೆದ ತೋಟಗಳಲ್ಲಿ ಹನಿಹನಿಯಾಗಿ ಸೇರಿದ ತಾಮ್ರ ಅವುಗಳ ಗುರಿಯಲ್ಲ. ಆದ್ದರಿಂದ ಅಡಿಕೆ ಬೆಳೆಗಾರರು ಅವುಗಳಿಗೆ ಹೆದರಬೇಕಾಗಿಲ್ಲ, ಅವುಗಳಿಂದ ಪರಿಹಾರವನ್ನು ನಿರೀಕ್ಷಿಸುವಂತೆಯೂ ಇಲ್ಲ.

ನೂರು ವರ್ಷದ ಮೈಲುತುತ್ತ

ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣವನ್ನು ಕೂಡಿಸಿ ಮಾಡುವ, ಶಿಲೀಂಧ್ರ ತಡೆಯುವ ಬೋರ್ಡೋ ದ್ರಾವಣ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿತು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದ ನಂತರ ಅದು ಮಲೆನಾಡಿನ ತೋಟಗಳಿಗೆ ಬಂತು. ಅಲ್ಲಿಯವರೆಗೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟಿ ಮಳೆಯಿಂದ ಕಾಪಾಡುವುದೊಂದೇ ದಾರಿಯಾಗಿತ್ತು. ಇಂದಿನ ಶಿಫಾರಸಿನ ಪ್ರಮಾಣ ಹೀಗಿದೆ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ.

ಲೆಕ್ಕ ಹಾಕುವುದು ಕಷ್ಟವಲ್ಲ. ಮೈಲುತುತ್ತದ ತೂಕದ ಕಾಲು ಭಾಗ ತಾಮ್ರ. ಹಾಗಾಗಿ 200 ಲೀಟರಿನ ಒಂದು ಡ್ರಮ್ ದ್ರಾವಣದಲ್ಲಿ ಸುಮಾರು ಅರ್ಧ ಕಿಲೋ ತಾಮ್ರವಿರುತ್ತದೆ. ಎಕರೆಗೆ ಒಂದು ಸಲಕ್ಕೆ ಎರಡು ಡ್ರಮ್ ಖರ್ಚಾಗುತ್ತದೆ, ಮಳೆಗಾಲದಲ್ಲಿ ಎರಡು ಸಲ ಹೊಡೆಯಲಾಗುತ್ತದೆ ಎಂದಿಟ್ಟುಕೊಂಡರೆ, ವರ್ಷಕ್ಕೆ ಎಕರೆಗೆ ಎರಡು ಕಿಲೋ ತಾಮ್ರವಾಯಿತು. ಮಳೆ ಹಿಡಿದುಕೊಂಡು ಮೂರನೆಯ ಸಲ ಹೊಡೆದರೆ ಮೂರು ಕಿಲೋ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು ಎಂಟು ಲಕ್ಷ ಕಿಲೋ ತೂಗುತ್ತದೆ. ಎರಡು ಕಿಲೋ ತಾಮ್ರ ಅಷ್ಟೂ ಮಣ್ಣಿನಲ್ಲಿ ಸಮನಾಗಿ ಬೆರೆತರೆ ಪ್ರತಿ ಕಿಲೋ ಮಣ್ಣಿಗೆ ಎರಡೂವರೆ ಮಿಲಿಗ್ರಾಂ. ವರ್ಷದ ಮಟ್ಟಿಗೆ ಇದು ಏನೂ ಅಲ್ಲ. ಆದರೆ ತಾಮ್ರ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ಬೆಳೆಯೊಡನೆ ಹೊರಹೋಗುವುದು ಅತ್ಯಲ್ಪ. ನಲವತ್ತು ವರ್ಷಗಳ ತಾಮ್ರವೆಲ್ಲ ಮೇಲ್ಮಣ್ಣಿನಲ್ಲಿಯೇ ಉಳಿದರೆ ಕಿಲೋಗೆ ನೂರು ಮಿಲಿಗ್ರಾಂ ಆಗುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ಪ್ರತಿ ತೋಟದವರೂ ತಮ್ಮ ಡ್ರಮ್‌ಗಳನ್ನು ಎಣಿಸಿ ತಮ್ಮದೇ ಲೆಕ್ಕ ಮಾಡಿಕೊಳ್ಳಬಹುದು.

ಹೋಲಿಕೆಗೆ ಯುರೋಪಿನ ಅಂಕಿಗಳಿವೆ. ಅಲ್ಲಿನ ಮೇಲ್ಮಣ್ಣಿನಲ್ಲಿ ತಾಮ್ರದ ಸರಾಸರಿ ಕಿಲೋಗೆ ಸುಮಾರು 17 ಮಿಲಿಗ್ರಾಂ ಇದ್ದರೆ ದ್ರಾಕ್ಷಿ ತೋಟಗಳಲ್ಲಿ ಸುಮಾರು 49 ಇದೆ. ಹಳೆಯ ಕೆಲವು ತೋಟಗಳಲ್ಲಿ ಅದು ಕೆಲವು ನೂರುಗಳಿಗೆ ಏರಿದೆ. ಈ ಕಾರಣದಿಂದ ಐರೋಪ್ಯ ಒಕ್ಕೂಟ 2019ರಿಂದ ತಾಮ್ರದ ಬಳಕೆಗೆ ಏಳು ವರ್ಷಗಳಲ್ಲಿ ಹೆಕ್ಟೇರಿಗೆ 28 ಕಿಲೋ ಎಂಬ ಮಿತಿ ಹಾಕಿದೆ. ಎಕರೆಗೆ ಇಳಿಸಿದರೆ ಅದು ವರ್ಷಕ್ಕೆ ಸುಮಾರು 1.6 ಕಿಲೋ. ಮೇಲಿನ ಲೆಕ್ಕದ ತೋಟ ಎರಡೇ ಸಿಂಪಡಣೆಯಲ್ಲಿ ಅದನ್ನು ದಾಟುತ್ತದೆ.

ಕಾಳುಮೆಣಸಿನ ಬುಡದಲ್ಲಿ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಸೊರಗು ರೋಗ ತಡೆಯಲು ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಔಷಧಿ ಪುಡಿಯನ್ನು ನೀರಿನಲ್ಲಿ ಕಲಸಿ ಬಳ್ಳಿಯ ಬುಡಕ್ಕೆ ಹೊಯ್ಯುತ್ತಾರೆ. ಲೀಟರಿಗೆ ಎರಡು ಗ್ರಾಂನಂತೆ ಐದು ಲೀಟರ್ ಹೊಯ್ದರೆ ಹತ್ತು ಗ್ರಾಂ ಪುಡಿಯಾಯಿತು. ಅದರಲ್ಲಿ ಅರ್ಧ ತಾಮ್ರವೆಂದರೂ ಐದು ಗ್ರಾಂ. ಬಳ್ಳಿಯ ಸುತ್ತ ಅರ್ಧ ಮೀಟರ್ ತ್ರಿಜ್ಯದ, ಅರ್ಧ ಅಡಿ ಆಳದ ಮಣ್ಣು ಸುಮಾರು 150 ಕಿಲೋ ಇರುತ್ತದೆ. ಅಷ್ಟರಲ್ಲೇ ಐದು ಗ್ರಾಂ ಬೆರೆತರೆ ಕಿಲೋಗೆ 33 ಮಿಲಿಗ್ರಾಂ, ಅದೂ ಒಂದೇ ಸಲಕ್ಕೆ. ಅಡಿಕೆಗೆ ಗಾಳಿಯಲ್ಲಿ ಹೊಡೆದ ಔಷಧಿ ತೋಟದುದ್ದಕ್ಕೂ ಹರಡಿಕೊಂಡರೆ, ಮೆಣಸಿಗೆ ಹೊಯ್ದದ್ದು ನೇರವಾಗಿ ಮೇಲುಮೇಲಿನ ಎಳೆಬೇರುಗಳ ನಡುವೆ ಇಳಿಯುತ್ತದೆ. ಚರ್ಚೆಯೆಲ್ಲ ಬೋರ್ಡೋ ಸುತ್ತಲೇ ನಡೆಯುತ್ತಿರುವಾಗ ಈ ಭಾಗ ಕಣ್ತಪ್ಪಿಸಿಕೊಂಡಿದೆ ಎನ್ನಬೇಕು.

ಚಾಕುವಿನ ಅಲಗು ಹೇಳುವ ರಸಾಯನಶಾಸ್ತ್ರ

ಇಷ್ಟು ತಾಮ್ರ ಸೇರಿದರೂ ಬಹುಪಾಲು ತೋಟಗಳು ಹಸಿರಾಗಿಯೇ ಇವೆ. ಇದಕ್ಕೆ ಕಾರಣ ಬೋರ್ಡೋ ತಯಾರಿಸುವ ಪ್ರತಿಯೊಬ್ಬರಿಗೂ ಗೊತ್ತಿರುವ ಒಂದು ಪರೀಕ್ಷೆಯಲ್ಲಿದೆ. ಮೈಲುತುತ್ತದ ನೀರನ್ನೂ ಸುಣ್ಣದ ತಿಳಿಯನ್ನೂ ಕೂಡಿಸಿದ ಮೇಲೆ, ಹೊಳೆಯುವ ಚಾಕುವಿನ ಅಲಗನ್ನು ಒಂದು ನಿಮಿಷ ಅದರಲ್ಲಿ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಬಣ್ಣದ ಲೇಪ ಕೂತಿದ್ದರೆ ಸುಣ್ಣ ಸಾಲದು. ಇನ್ನಷ್ಟು ಸುಣ್ಣ ಹಾಕಿ, ಅಲಗು ಬಿಳಿಯಾಗಿಯೇ ಉಳಿಯುವವರೆಗೆ ನೋಡುತ್ತಾರೆ. ಆ ಕೆಂಪು ಲೇಪ ಶುದ್ಧ ತಾಮ್ರ. ದ್ರಾವಣದಲ್ಲಿ ಬಿಡಿಯಾಗಿ ಓಡಾಡುವ ತಾಮ್ರದ ಅಯಾನುಗಳು (ವಿದ್ಯುದಂಶ ಹೊತ್ತ ಕಣಗಳು) ಕಬ್ಬಿಣದ ಮೇಲೆ ಕೂತು, ಕಬ್ಬಿಣ ಕರಗಿ ನೀರಿಗೆ ಬಂದಿರುತ್ತದೆ. ಸುಣ್ಣ ಹೆಚ್ಚಿಸಿದಾಗ ಡ್ರಮ್ಮಿನಲ್ಲಿರುವ ತಾಮ್ರದ ಒಟ್ಟು ತೂಕ ಒಂದು ಗ್ರಾಂ ಕೂಡ ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು ಬಿಡಿ ಅಯಾನು ಮಾತ್ರ. ಎಳೆ ಕಾಯಿಯನ್ನು ಸುಡುವುದೂ ಆ ಬಿಡಿ ಅಯಾನೇ.

ಮಣ್ಣಿನಲ್ಲಿ ನಡೆಯುವುದು ಇದೇ. ಒಟ್ಟು ತಾಮ್ರದಲ್ಲಿ ಬಹುಪಾಲು ಸಾವಯವ ಪದಾರ್ಥಕ್ಕೆ, ಜೇಡಿಗೆ, ಕಬ್ಬಿಣದ ಆಕ್ಸೈಡುಗಳಿಗೆ ಅಂಟಿಕೊಂಡಿರುತ್ತದೆ. ಮಣ್ಣಿನ ತೇವದಲ್ಲಿ ಬಿಡಿಯಾಗಿರುವ ಅತ್ಯಲ್ಪ ಭಾಗ ಮಾತ್ರ ಬೇರಿಗೆ ತಾಗುತ್ತದೆ. ಆ ಭಾಗ ಎಷ್ಟು ದೊಡ್ಡದು ಎಂಬುದನ್ನು ಮುಖ್ಯವಾಗಿ ಎರಡು ಸಂಗತಿಗಳು ನಿರ್ಧರಿಸುತ್ತವೆ: ಮಣ್ಣಿನ ರಸಸಾರ (ಹುಳಿಯ ಅಳತೆಯಾದ pH; ಏಳು ಎಂದರೆ ತಟಸ್ಥ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಮತ್ತು ಸಾವಯವ ಅಂಶ. ಹುಳಿ ಹೆಚ್ಚಿದಷ್ಟೂ ಹೈಡ್ರೋಜನ್ ಅಯಾನುಗಳು ಮಣ್ಣಿನ ಕಣಗಳ ಮೇಲೆ ಜಾಗ ಹಿಡಿದು ತಾಮ್ರವನ್ನು ಹೊರತಳ್ಳುತ್ತವೆ. ಸಾವಯವ ಅಂಶ ಹೆಚ್ಚಿದಷ್ಟೂ ತಾಮ್ರ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಕ್ಯಾಡ್ಮಿಯಂ, ಸತು ಇಷ್ಟು ಗಟ್ಟಿಯಾಗಿ ಅಂಟುವುದಿಲ್ಲ, ಅದಕ್ಕೇ ಅವು ಬೇಗ ಕದಲುತ್ತವೆ. ಸೀಸ ತಾಮ್ರದಂತೆಯೇ ಅಂಟುಗುಣದ್ದು.

ಈ ಕಾರಣದಿಂದ ಒಂದೇ ಜಿಲ್ಲೆಯೊಳಗೆ ಒಂದೇ ಪ್ರಮಾಣದ ತಾಮ್ರ ಬೇರೆ ಬೇರೆ ಪರಿಣಾಮ ಬೀರಬಲ್ಲದು. ಘಟ್ಟದ ಅಂಚಿನಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಪೂರ್ವಕ್ಕೆ ಸರಿದಂತೆ ಅದು ಬೇಗನೆ ಇಳಿದು, ಶಿವಮೊಗ್ಗ, ಭದ್ರಾವತಿಯ ಬಯಲಿನಲ್ಲಿ ಸಾವಿರ ಮಿಲಿಮೀಟರಿನ ಆಸುಪಾಸಿಗೆ ಬರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಜಂಬಿಟ್ಟಿಗೆ ಮಣ್ಣಿನಿಂದ ಮಳೆ ಸುಣ್ಣಾಂಶವನ್ನು ತೊಳೆದು ಒಯ್ಯುತ್ತದೆ, ರಸಸಾರ ಐದರ ಆಸುಪಾಸಿಗೆ ಇಳಿಯುತ್ತದೆ. ಬೋರ್ಡೋ ದ್ರಾವಣ ತಾಮ್ರದೊಡನೆ ಸುಣ್ಣವನ್ನೂ ತರುತ್ತದೆ, ಆದರೆ ಮಳೆ ಸುಣ್ಣವನ್ನು ಹೊತ್ತೊಯ್ದು ತಾಮ್ರವನ್ನು ಬಿಟ್ಟುಹೋಗುತ್ತದೆ. ಯೂರಿಯಾ, ಅಮೋನಿಯಂ ಸಲ್ಫೇಟಿನಂತಹ ಗೊಬ್ಬರಗಳು ಮಣ್ಣಿನಲ್ಲಿ ನೈಟ್ರೇಟ್ ಆಗುವಾಗ ಹುಳಿಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ಹೀಗೆ ವರ್ಷಗಳ ಹಿಂದೆ ಕೂತಿದ್ದ ತಾಮ್ರ, ಹೊಸದಾಗಿ ಒಂದು ಹನಿ ಸೇರಿಸದಿದ್ದರೂ, ಹುಳಿ ಏರಿದ ಮಾತ್ರಕ್ಕೆ ಬಿಡಿಯಾಗಬಲ್ಲದು.

ಬೇರಿನ ತುದಿಯಲ್ಲಿ ಏನಾಗುತ್ತದೆ

ಬೇರು ಉದ್ದವಾಗುವುದು ಅದರ ಉದ್ದಕ್ಕೂ ಅಲ್ಲ, ತುದಿಯ ಕೆಲವೇ ಮಿಲಿಮೀಟರುಗಳಲ್ಲಿ. ತೀರಾ ತುದಿಯಲ್ಲಿ ಟೊಪ್ಪಿಗೆಯಂತಹ ರಕ್ಷಣಾ ಪದರ, ಅದರ ಹಿಂದೆ ಕೋಶಗಳು ಒಡೆದು ಹೆಚ್ಚುವ ಭಾಗ, ಅದರ ಹಿಂದೆ ಆ ಕೋಶಗಳು ನೀರು ತುಂಬಿಕೊಂಡು ಉದ್ದವಾಗುವ ಭಾಗ. ಮಣ್ಣಿನಲ್ಲಿರುವ ಲೋಹವನ್ನು ಮೊದಲು ಮುಟ್ಟುವುದೂ, ಮೊದಲು ಘಾಸಿಗೊಳ್ಳುವುದೂ ಇದೇ ಪ್ರದೇಶ.

ಕೋಶ ಉದ್ದವಾಗಬೇಕಾದರೆ ಅದರ ಗೋಡೆ ಹಿಗ್ಗಬೇಕು. ಗೋಡೆಯಲ್ಲಿರುವ ಪೆಕ್ಟಿನ್ ಎಂಬ ಪದಾರ್ಥಕ್ಕೆ ಋಣ ವಿದ್ಯುದಂಶವಿದ್ದು, ಸಾಮಾನ್ಯವಾಗಿ ಕ್ಯಾಲ್ಸಿಯಂ ಅಲ್ಲಿ ಸಡಿಲವಾಗಿ ಕೂತಿರುತ್ತದೆ. ತಾಮ್ರ, ಸೀಸ, ಅಲ್ಯೂಮಿನಿಯಂ ಅಯಾನುಗಳು ಕ್ಯಾಲ್ಸಿಯಂ ಅನ್ನು ಎಬ್ಬಿಸಿ ಅದೇ ಜಾಗದಲ್ಲಿ ಹೆಚ್ಚು ಗಟ್ಟಿಯಾಗಿ ಕೂರುತ್ತವೆ. ಗೋಡೆ ಬಿರುಸಾಗುತ್ತದೆ, ಕೋಶ ಉದ್ದಕ್ಕೆ ಹಿಗ್ಗಲಾರದೆ ಅಡ್ಡಕ್ಕೆ ಉಬ್ಬುತ್ತದೆ. ಲೋಹದ ಹೊಡೆತಕ್ಕೆ ಸಿಕ್ಕ ಬೇರುಗಳು ಮೋಟಾಗಿ, ದಪ್ಪಗೆ, ಕಂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಮುರಿಯುವಂತಾಗುವುದು ಹೀಗೆ.

ಗೋಡೆ ದಾಟಿ ಒಳಹೊಕ್ಕ ತಾಮ್ರದ ಉಪಟಳ ಬೇರೆ ಬಗೆಯದು. ತಾಮ್ರ ಮತ್ತು ಕಬ್ಬಿಣ ಸುಲಭವಾಗಿ ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುವ ಲೋಹಗಳು. ಕಿಣ್ವಗಳ ಕೆಲಸಕ್ಕೆ ಅವು ಅತ್ಯಗತ್ಯವಾಗಿರುವುದೂ ಇದೇ ಗುಣಕ್ಕಾಗಿ. ಮಿತಿ ಮೀರಿದಾಗ ಅದೇ ಗುಣ ಕೋಶದೊಳಗಿನ ಹೈಡ್ರೋಜನ್ ಪೆರಾಕ್ಸೈಡನ್ನು ಅತ್ಯಂತ ಉಗ್ರವಾದ ಹೈಡ್ರಾಕ್ಸಿಲ್ ಕಣಗಳಾಗಿ ಒಡೆಯುತ್ತದೆ. ಅವು ಕೋಶಪೊರೆಯ ಕೊಬ್ಬನ್ನು ಸುಡುತ್ತವೆ, ಪೊರೆ ಸೋರುತ್ತದೆ, ಒಳಗಿನ ಪೊಟ್ಯಾಸಿಯಂ ಹೊರಗೆ ಹರಿಯುತ್ತದೆ. ಕ್ಯಾಡ್ಮಿಯಂಗೆ ಈ ಗುಣವಿಲ್ಲ. ಅದು ಕಬ್ಬಿಣ, ಸತು, ಮ್ಯಾಂಗನೀಸ್ ಒಳಬರಲೆಂದು ಇರುವ ದ್ವಾರಗಳ ಮೂಲಕವೇ ನುಸುಳಿ, ಪ್ರೋಟೀನುಗಳಲ್ಲಿನ ಗಂಧಕದ ಭಾಗಕ್ಕೆ ಅಂಟಿಕೊಂಡು ಅವುಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಭತ್ತದ ಬೇರು ಮ್ಯಾಂಗನೀಸ್ ಹೀರುವ ದ್ವಾರವೇ ಕ್ಯಾಡ್ಮಿಯಂನ ಮುಖ್ಯ ದಾರಿ ಎಂಬುದು ಈಗ ಸ್ಪಷ್ಟವಾಗಿದೆ.

ಗಿಡವೇನೂ ಸುಮ್ಮನಿರುವುದಿಲ್ಲ. ಬೇರು ಸಿಟ್ರಿಕ್, ಮ್ಯಾಲಿಕ್‌ನಂತಹ ಆಮ್ಲಗಳನ್ನು ಹೊರಗೆ ಒಸರಿಸಿ ಲೋಹವನ್ನು ಮಣ್ಣಿನಲ್ಲೇ ಕಟ್ಟಿಹಾಕಲು ನೋಡುತ್ತದೆ. ಒಳಬಂದದ್ದನ್ನು ಗ್ಲುಟಾಥಯೋನ್‌ನಿಂದ ತಯಾರಾದ ಫೈಟೋಕೆಲಾಟಿನ್ ಎಂಬ ಅಣುಗಳು ಹಿಡಿದು ಕೋಶದೊಳಗಿನ ರಸದಾನಿ ಎಂಬ ಚೀಲದಲ್ಲಿ ಕೂಡಿಹಾಕುತ್ತವೆ. ಬೆಳವಣಿಗೆಯನ್ನು ನಡೆಸುವ ಆಕ್ಸಿನ್ ಚೋದಕದ ಹಂಚಿಕೆ ಬದಲಾಗಿ, ತಾಯಿಬೇರಿನ ಓಟ ನಿಂತು ಪಕ್ಕದ ಬೇರುಗಳು ಒಡೆಯುತ್ತವೆ. ಒಂದು ಕಡೆ ಹಾದಿ ಮುಚ್ಚಿದಾಗ ಇನ್ನೊಂದು ಕಡೆ ಹುಡುಕುವ ಪ್ರಯತ್ನ ಇದು. ಆದರೆ ಈ ಎಲ್ಲ ರಕ್ಷಣೆಗೂ ಸಕ್ಕರೆ, ಗಂಧಕ, ಸಾರಜನಕ ಖರ್ಚಾಗಬೇಕು. ಫಸಲಿಗೆ ಹೋಗಬೇಕಾದದ್ದು ಬೇರಿನ ಕಾವಲಿಗೆ ಹೋಗುತ್ತದೆ.

ಪರಿಣಾಮ ಮೇಲೆ ಕಾಣಿಸುವಾಗ ಅದರ ರೂಪ ಬೇರೆಯಾಗಿರುತ್ತದೆ. ಬೇರು ಮೋಟಾದ ಗಿಡಕ್ಕೆ ರಂಜಕ ಸಿಗುವುದಿಲ್ಲ, ಏಕೆಂದರೆ ರಂಜಕ ಮಣ್ಣಿನಲ್ಲಿ ಕದಲುವುದಿಲ್ಲ, ಬೇರೇ ಅದನ್ನು ಹುಡುಕಿಕೊಂಡು ಹೋಗಬೇಕು. ಈ ಕೆಲಸದಲ್ಲಿ ನೆರವಾಗುವ ಮೈಕೊರೈಜಾ ಶಿಲೀಂಧ್ರಗಳಿಗೂ ತಾಮ್ರ ಒಗ್ಗುವುದಿಲ್ಲ; ಶಿಲೀಂಧ್ರ ಕೊಲ್ಲಲೆಂದೇ ತಂದ ಪದಾರ್ಥ ಒಳ್ಳೆಯದು ಕೆಟ್ಟದ್ದೆಂದು ಭೇದ ಮಾಡುವುದಿಲ್ಲ. ಕಬ್ಬಿಣದ ಸಾಗಣೆ ತಡೆಯಾದ್ದರಿಂದ ಎಳೆ ಎಲೆ ಹಳದಿಯಾಗುತ್ತದೆ. ಫೆಬ್ರುವರಿ, ಮಾರ್ಚಿನ ಬಿಸಿಲಿಗೆ ಗಿಡ ಬೇಗ ಬಾಡುತ್ತದೆ. ಇವನ್ನು ನೋಡಿದವರು ಗೊಬ್ಬರ ಸಾಲದು ಎಂದುಕೊಂಡು ಇನ್ನಷ್ಟು ಯೂರಿಯಾ ಹಾಕಿದರೆ ಹುಳಿ ಏರುತ್ತದೆ, ತಾಮ್ರ ಇನ್ನಷ್ಟು ಬಿಡಿಯಾಗುತ್ತದೆ.

ಎಚ್ಚರಿಕೆಯ ಮಾತೊಂದು ಇಲ್ಲಿ ಅಗತ್ಯ. ತೋಟ ಹಳದಿಯಾದದ್ದನ್ನೆಲ್ಲ ತಾಮ್ರದ ತಲೆಗೆ ಕಟ್ಟುವಂತಿಲ್ಲ. ಅಡಿಕೆಯ ಹಳದಿ ಎಲೆ ರೋಗ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವಂಥದ್ದು; ಬಸಿಗಾಲುವೆ ಕಟ್ಟಿಕೊಂಡು ಬೇರು ಕೊಳೆತರೂ ಮರ ಹಳದಿಯಾಗುತ್ತದೆ. ಬೇರು ಅಗೆದು ನೋಡದೆ, ಮಣ್ಣು ಪರೀಕ್ಷಿಸದೆ, ಎಲೆಯ ಬಣ್ಣವೊಂದರಿಂದ ಲೋಹದ ಬಾಧೆಯನ್ನು ಗುರುತಿಸಲಾಗದು.

ಪಟ್ಟಿಯಲ್ಲಿಲ್ಲದ ಅಲ್ಯೂಮಿನಿಯಂ

ಸುದ್ದಿಯಲ್ಲಿ ಬಂದ ಏಳು ಲೋಹಗಳಲ್ಲಿ ಅಲ್ಯೂಮಿನಿಯಂ ಇರಲಿಲ್ಲ. ಆದರೆ ಮಲೆನಾಡಿನ ಹುಳಿ ಮಣ್ಣಿನಲ್ಲಿ ಬೇರಿನ ಬೆಳವಣಿಗೆಯನ್ನು ತಡೆಯುವ ಲೋಹಗಳಲ್ಲಿ ಮೊದಲು ಸಂಶಯಿಸಬೇಕಾದದ್ದು ಅದನ್ನೇ. ಅದು ಹೊರಗಿನಿಂದ ಬಂದದ್ದಲ್ಲ, ಜಂಬಿಟ್ಟಿಗೆ ಮಣ್ಣಿನ ಮೈಯೇ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳಿಂದ ಆದದ್ದು. ರಸಸಾರ ಐದೂವರೆಯ ಮೇಲಿರುವಾಗ ಅದು ಕಲ್ಲಿನಂತೆ ನಿರುಪದ್ರವಿ. ಐದಕ್ಕಿಂತ ಕೆಳಗಿಳಿದರೆ ಕರಗಿ ಅಯಾನಾಗುತ್ತದೆ, ಸೂಕ್ಷ್ಮ ಬೆಳೆಗಳ ಬೇರಿನ ಬೆಳವಣಿಗೆಯನ್ನು ಕೆಲವೇ ಗಂಟೆಗಳಲ್ಲಿ ನಿಲ್ಲಿಸುತ್ತದೆ. ಎಲ್ಲ ಗಿಡಗಳೂ ಇದಕ್ಕೆ ಒಂದೇ ರೀತಿ ಸ್ಪಂದಿಸುವುದಿಲ್ಲ; ಚಹಾ ಗಿಡ ಅಲ್ಯೂಮಿನಿಯಂ ಅನ್ನು ಎಲೆಯಲ್ಲಿ ಕೂಡಿಟ್ಟುಕೊಂಡು ಸುಖವಾಗಿರುತ್ತದೆ.

ತಾಮ್ರವೂ ಅಲ್ಯೂಮಿನಿಯಂ ಕೂಡ ಬೇರಿನ ಮೇಲೆ ಬಿಡುವ ಗುರುತು ಹೆಚ್ಚುಕಡಿಮೆ ಒಂದೇ, ಎರಡನ್ನೂ ಕೆರಳಿಸುವ ಕಾರಣ ಒಂದೇ, ಹತೋಟಿಗೆ ತರುವ ಮದ್ದೂ ಒಂದೇ. ಈ ಲೇಖನದ ವಾದ ನಿಂತಿರುವುದು ಇದರ ಮೇಲೆ. ಮಲೆನಾಡಿನಲ್ಲಿ ಲೋಹದ ಪ್ರಶ್ನೆ ಎಂದರೆ ಬಹುಮಟ್ಟಿಗೆ ಹುಳಿಯ ಪ್ರಶ್ನೆ.

ಗದ್ದೆಯಲ್ಲಿ ಲೆಕ್ಕ ತಿರುಗುಮುರುಗು

ನೀರು ನಿಂತ ಗದ್ದೆಯಲ್ಲಿ ಇದೇ ಲೋಹಗಳು ಬೇರೆ ರೀತಿ ವರ್ತಿಸುತ್ತವೆ. ನೀರು ಕಟ್ಟಿದ ಕೆಲವು ವಾರಗಳಲ್ಲಿ ಹುಳಿ ಮಣ್ಣಿನ ರಸಸಾರ ತಾನಾಗಿ ಏರುತ್ತದೆ, ಅಲ್ಯೂಮಿನಿಯಂ ಅಡಗುತ್ತದೆ. ಆದರೆ ಗಾಳಿಯಿಲ್ಲದ ಕೆಸರಿನಲ್ಲಿ ಕಬ್ಬಿಣ ಕರಗುತ್ತದೆ. ಗುಡ್ಡದಿಂದ ಜಿನುಗು ನೀರು ಇಳಿಯುವ ಜವಳು ಗದ್ದೆಗಳಲ್ಲಿ ಎಣ್ಣೆಯಂತೆ ಮಿರುಗುವ ಕೆಂಪು ಪೊರೆ ಕಟ್ಟುವುದು, ಭತ್ತದ ಎಲೆ ಕಂದುಗಟ್ಟುವುದು ಇದರಿಂದಲೇ. ಭತ್ತದ ಬೇರು ತನ್ನ ಸುತ್ತ ಆಮ್ಲಜನಕ ಬಿಟ್ಟು ಕಬ್ಬಿಣವನ್ನು ತುಕ್ಕಾಗಿಸಿ ಮೈಮೇಲೆಯೇ ಲೇಪಿಸಿಕೊಳ್ಳುತ್ತದೆ. ಈ ಕೆಂಪು ಕವಚ ಆರ್ಸೆನಿಕ್ ಅನ್ನೂ ಸ್ವಲ್ಪಮಟ್ಟಿಗೆ ಹಿಡಿದಿಡುತ್ತದೆ. ನೀರು ನಿಂತಾಗ ಆರ್ಸೆನಿಕ್ ಕದಲುತ್ತದೆ, ಕ್ಯಾಡ್ಮಿಯಂ ಅಡಗುತ್ತದೆ. ನೀರು ಬಸಿದಾಗ ಇದು ತಲೆಕೆಳಗಾಗುತ್ತದೆ.

ಗದ್ದೆ ಮುಚ್ಚಿ ಅಡಿಕೆ ಹಾಕುವುದು ಜಿಲ್ಲೆಯ ಉದ್ದಗಲಕ್ಕೂ ನಡೆಯುತ್ತಿದೆ. ಕಾಲುವೆ ಹೊಡೆದು ನೀರು ಬಸಿದ ಕೂಡಲೇ ಮಣ್ಣಿಗೆ ಗಾಳಿಯಾಡಿ, ಕಬ್ಬಿಣ ತುಕ್ಕಾಗುವಾಗ ಹುಳಿ ಬಿಡುಗಡೆಯಾಗುತ್ತದೆ, ಏರಿದ್ದ ರಸಸಾರ ಮತ್ತೆ ಇಳಿಯುತ್ತದೆ. ಎಳೆ ಸಸಿಯ ಬೇರು ಇಳಿಯುವುದು ಈ ಬದಲಾವಣೆಯ ನಡುವೆ. ಸಸಿ ನೆಡುವ ಮೊದಲು ಸುಣ್ಣ ಹಾಕುವುದಕ್ಕೆ ಇಲ್ಲಿರುವಷ್ಟು ಬಲವಾದ ಕಾರಣ ಬೇರೆಲ್ಲೂ ಇಲ್ಲ.

ತಿನ್ನುವವರಿಗೆ ಅಪಾಯವಿದೆಯೇ

ತಾಮ್ರ ಮತ್ತು ಸೀಸವನ್ನು ಬೇರು ಬಹುಪಾಲು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಕಾಂಡ, ಕಾಯಿಗೆ ಏರುವುದು ಕಡಿಮೆ. ಮಣ್ಣಿನ ತಾಮ್ರ ತಿನ್ನುವವರನ್ನು ಮುಟ್ಟುವ ಮೊದಲೇ ಗಿಡವನ್ನು ಕುಗ್ಗಿಸುತ್ತದೆ. ಕ್ಯಾಡ್ಮಿಯಂ ಹಾಗಲ್ಲ. ಗಿಡ ಚೆನ್ನಾಗಿಯೇ ಕಾಣುತ್ತಿರುವಾಗ ಅದು ಸೊಪ್ಪಿಗೆ, ಕಾಳಿಗೆ ಏರಬಲ್ಲದು. ಅದಕ್ಕಾಗಿಯೇ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡವು ಪಾಲಿಶ್ ಮಾಡಿದ ಅಕ್ಕಿಗೆ ಕಿಲೋಗೆ 0.4 ಮಿಲಿಗ್ರಾಂ ಕ್ಯಾಡ್ಮಿಯಂ ಎಂಬ ಮಿತಿ ಇಟ್ಟಿದೆ. ಕ್ಯಾಡ್ಮಿಯಂ ಬರುವ ಒಂದು ದಾರಿ ರಂಜಕದ ಗೊಬ್ಬರ. ಎಷ್ಟಿರುತ್ತದೆ ಎಂಬುದು ಶಿಲೆಯ ಮೂಲವನ್ನು ಅವಲಂಬಿಸಿದೆ. ನಗರದ ಕಸದಿಂದ ಮಾಡಿದ ಕಾಂಪೋಸ್ಟ್ ಇನ್ನೊಂದು ದಾರಿ; ಅದಕ್ಕೆ ನಮ್ಮ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಕಿಲೋಗೆ ಕ್ಯಾಡ್ಮಿಯಂ 5, ಸೀಸ 100, ತಾಮ್ರ 300 ಮಿಲಿಗ್ರಾಂ ಎಂಬ ಮಿತಿಗಳಿವೆ. ಲಾರಿಗಟ್ಟಲೆ ಬರುವ ಕೋಳಿಗೊಬ್ಬರದಲ್ಲೂ ಮೇವಿನ ಮೂಲಕ ಬಂದ ತಾಮ್ರ, ಸತು ಇರುತ್ತವೆ.

ವಾದ, ಪ್ರತಿವಾದ

ತಾಮ್ರವನ್ನು ನಿಲ್ಲಿಸಬೇಕೆನ್ನುವವರ ವಾದ ನೇರವಾಗಿದೆ: ಹಾಕಿದ್ದು ಹೋಗುವುದಿಲ್ಲ, ಎರೆಹುಳುಗಳಿಗೆ ಅದು ಮಾರಕ, ಒಮ್ಮೆ ಮಿತಿ ಮೀರಿದ ಮೇಲೆ ಹಿಂದಿರುಗುವ ದಾರಿಯಿಲ್ಲ. ಬೆಳೆಗಾರರ ಮಾತಿನಲ್ಲೂ ಹುರುಳಿದೆ. ಕೊಳೆ ಬಂದ ವರ್ಷ ಫಸಲಿನ ಬಹುಭಾಗ ನೆಲಕ್ಕೆ ಉದುರುತ್ತದೆ. ಆ ನಷ್ಟ ಕಣ್ಣೆದುರಿಗಿನದು, ತಾಮ್ರದ ಬಾಧೆ ದಶಕಗಳಾಚೆಯದು. ಒಂದೇ ಗುರಿಗೆ ಹೊಡೆಯುವ ಹೊಸ ಔಷಧಿಗಳಿಗೆ ರೋಗಾಣು ಒಗ್ಗಿಕೊಳ್ಳುತ್ತದೆ. ಹಲವು ಕಡೆ ಒಟ್ಟಿಗೆ ಹೊಡೆಯುವ ತಾಮ್ರಕ್ಕೆ ನೂರು ವರ್ಷವಾದರೂ ಹಾಗೆ ಒಗ್ಗಿಲ್ಲ. ಸಾವಯವ ಕೃಷಿಯ ನಿಯಮಗಳೂ ತಾಮ್ರವನ್ನು ನಿರ್ಬಂಧದೊಂದಿಗೆ ಒಪ್ಪುತ್ತವೆ. ಪರ್ಯಾಯವೆಂದು ಎಲೆಚುಕ್ಕೆಗೆ ಹೊಡೆಯುವ ಮ್ಯಾಂಕೊಜೆಬ್‌ನಲ್ಲಿ ಮ್ಯಾಂಗನೀಸ್ ಮತ್ತು ಸತು ಇವೆ ಎಂಬುದನ್ನೂ ಮರೆಯುವಂತಿಲ್ಲ.

ಇವೆರಡರ ನಡುವೆ ಹೆಚ್ಚು ಗಮನ ಸಿಗದ ಮೂರನೆಯ ನಿಲುವೊಂದಿದೆ: ತಾಮ್ರ ಹಾಕುವುದನ್ನು ತಕ್ಷಣ ಬಿಡಲಾಗದಿದ್ದರೆ ಅದು ಬೇರಿಗೆ ತಾಗದಂತೆ ನೋಡಿಕೊಳ್ಳುವುದು. ಮಲೆನಾಡಿನ ಹಳೆಯ ತೋಟಗಾರಿಕೆ ಇದನ್ನು ತಿಳಿಯದೆಯೇ ಮಾಡಿಕೊಂಡು ಬಂದಿದೆ. ಸೊಪ್ಪಿನ ಬೆಟ್ಟದಿಂದ ತಂದ ಸೊಪ್ಪು, ದರಕು (ಒಣಗಿದ ಎಲೆ), ಕೊಟ್ಟಿಗೆ ಗೊಬ್ಬರ ತಾಮ್ರವನ್ನು ಹಿಡಿದಿಡುವ ಸಾವಯವ ಪದಾರ್ಥವನ್ನು ಪ್ರತಿ ವರ್ಷ ಒದಗಿಸುತ್ತಿತ್ತು. ಕೆಲವು ವರ್ಷಗಳಿಗೊಮ್ಮೆ ತೋಟಕ್ಕೆ ಹೊಸ ಮಣ್ಣು ಹಾಕುವ ಪದ್ಧತಿ ತಾಮ್ರ ತುಂಬಿದ ಪದರವನ್ನು ಕೆಳಗೆ ಹೂತು, ಮೇಲೆ ಹೊಸ ನೆಲ ಕೊಡುತ್ತಿತ್ತು. ಬೆಟ್ಟ ಬರಿದಾಗಿ, ಆಳು ಸಿಗದೆ, ಮಣ್ಣು ಹಾಕಿಸುವ ಖರ್ಚು ಏರಿ ಇವೆಲ್ಲ ಕಡಿಮೆಯಾದ ಕಾಲದಲ್ಲೇ ಸಿಂಪಡಣೆ ಹೆಚ್ಚಿರುವುದು ಚಿಂತೆಯ ವಿಷಯ. ನೂರು ವರ್ಷ ಏನೂ ಆಗಲಿಲ್ಲ, ಮುಂದೆಯೂ ಆಗದು ಎಂಬ ಮಾತು ಈ ಬದಲಾವಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮಣ್ಣು ಪರೀಕ್ಷೆಯ ಅರ್ಧ ಉತ್ತರ

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳಿವೆ. ತಾಮ್ರ ಅವುಗಳಲ್ಲೊಂದು, ಆದರೆ ಅದನ್ನು ಅಳೆಯುವುದು ಪೋಷಕಾಂಶದ ಕೊರತೆ ಹುಡುಕಲು. ಗಿಡಕ್ಕೆ ಸಿಗಬಲ್ಲ ತಾಮ್ರ ಕಿಲೋಗೆ 0.2 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಚೀಟಿ ಅದನ್ನು ‘ಸಾಕಷ್ಟಿದೆ’ ಎನ್ನುತ್ತದೆ. 0.5 ಇದ್ದರೂ ಸಾಕಷ್ಟು, 50 ಇದ್ದರೂ ಸಾಕಷ್ಟು. ಇಷ್ಟು ಮೀರಿದರೆ ಅಪಾಯ ಎಂಬ ಮೇಲ್ಮಿತಿ ಅಲ್ಲಿಲ್ಲ. ಕ್ಯಾಡ್ಮಿಯಂ, ಸೀಸ, ಅಲ್ಯೂಮಿನಿಯಂಗಳಂತೂ ಪಟ್ಟಿಯಲ್ಲೇ ಇಲ್ಲ. ಹೀಗಾಗಿ ಹೆಚ್ಚಿನ ತಾಮ್ರದ ತೋಟವೊಂದು ಪರೀಕ್ಷೆಯಲ್ಲಿ ಆರೋಗ್ಯವಂತವಾಗಿಯೇ ಕಾಣುತ್ತದೆ.

ಇದಕ್ಕೆ ಹೊಸ ಯಂತ್ರವೂ ಬೇಕಿಲ್ಲ, ಹೊಸ ಯೋಜನೆಯೂ ಬೇಕಿಲ್ಲ. ಅಂಕಿ ಈಗಾಗಲೇ ದಾಖಲಾಗುತ್ತಿದೆ. ಬೇಕಿರುವುದು ಹುಳಿ ಮಣ್ಣಿಗೆ ಹೊಂದುವ ಮೇಲ್ಮಿತಿ, ಮತ್ತು ರಸಸಾರದ ಜೊತೆಗಿಟ್ಟು ಅದನ್ನು ಓದುವ ಕ್ರಮ. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ, ತೀರ್ಥಹಳ್ಳಿಯ ಅಡಿಕೆ ಸಂಶೋಧನಾ ಕೇಂದ್ರ ಇರುವ ಜಿಲ್ಲೆಯಲ್ಲಿ ಇಂತಹ ಮಿತಿಯನ್ನು ಸ್ಥಳೀಯವಾಗಿಯೇ ರೂಪಿಸಲು ಅಡ್ಡಿಯಿಲ್ಲ.

ಮುಂದೆ ಏನಾಗಬಹುದು

ಬಲಿತ ಅಡಿಕೆ ಮರ ಹೆಚ್ಚಿನ ತಾಮ್ರವನ್ನು ಬಹುಕಾಲ ಸಹಿಸಿಕೊಂಡಿರಬಹುದು. ಅದರ ಬೇರುಗಳು ತಾಮ್ರ ತುಂಬಿದ ಮೇಲ್ಪದರದ ಕೆಳಗೂ ಇಳಿದಿರುತ್ತವೆ. ಮೊದಲು ತೊಂದರೆ ಕಾಣಿಸಿಕೊಳ್ಳುವುದು ಮರುನಾಟಿಯಲ್ಲಿ. ಹಳೆಯ ತೋಟದ ಮರಗಳ ನಡುವೆ ನೆಟ್ಟ ಎಳೆ ಸಸಿ, ಮೆಣಸಿನ ಕುಡಿ, ಏಲಕ್ಕಿ ಇವುಗಳ ಬೇರೆಲ್ಲ ಅದೇ ಮೇಲ್ಪದರದಲ್ಲಿ ಇರುತ್ತದೆ. ತೋಟ ತೆಗೆದು ತರಕಾರಿ ಬೆಳೆಯಲು ಹೊರಟರೆ ಬಾಧೆ ಇನ್ನೂ ಸ್ಪಷ್ಟವಾಗಬಹುದು, ದ್ವಿದಳ ಬೆಳೆಗಳಲ್ಲಿ ಸಾರಜನಕ ಹಿಡಿಯುವ ಬೇರುಗಂಟು ಕಟ್ಟುವುದೂ ಕುಂಠಿತವಾಗಬಹುದು.

ಪೂರ್ವದ ಬಯಲು ತೋಟಗಳಲ್ಲಿ ರಸಸಾರ ತಟಸ್ಥಕ್ಕೆ ಹತ್ತಿರವಿರುವುದರಿಂದ ಈ ಆತಂಕ ಸದ್ಯಕ್ಕೆ ದೂರದ್ದು. ಅಲ್ಲಿ ಸುಣ್ಣ ಸುರಿದರೆ ಸತು, ಕಬ್ಬಿಣದ ಕೊರತೆಯನ್ನು ಕೈಯಾರೆ ತಂದುಕೊಂಡಂತಾಗುತ್ತದೆ. ಘಟ್ಟದ ಸೆರಗಿನ ತೋಟಗಳಲ್ಲಿ ಮಾತ್ರ ರಸಸಾರವನ್ನು ಐದೂವರೆಯ ಮೇಲಕ್ಕೆ ತಂದು ನಿಲ್ಲಿಸುವುದು ಮೊದಲ ಕೆಲಸವಾಗಬೇಕು. ಎಷ್ಟು ಸುಣ್ಣ ಎಂಬುದು ಪರೀಕ್ಷೆಯಿಂದಲೇ ಗೊತ್ತಾಗಬೇಕು, ಒಂದೇ ಸಲಕ್ಕೆ ಸುರಿಯದೆ ಕಂತಿನಲ್ಲಿ ಹಾಕಬೇಕು, ಜೊತೆಗೆ ದರಕು, ಗೊಬ್ಬರ ಸೇರಬೇಕು. ಮಣ್ಣಿನ ಮಾದರಿ ತೆಗೆಯುವಾಗ ಇಡೀ ತೋಟದ್ದನ್ನು ಒಂದೇ ಚೀಲಕ್ಕೆ ಬೆರೆಸುವ ಬದಲು, ಮೆಣಸಿನ ಬುಡದ ಮಣ್ಣು, ಅಡಿಕೆಯ ಬುಡದ ಮೇಲಿನ ಅರ್ಧ ಅಡಿ, ಅದರ ಕೆಳಗಿನ ಅರ್ಧ ಅಡಿ ಎಂದು ಮೂರು ಚೀಲ ಮಾಡಿ ಕೊಟ್ಟರೆ ತಾಮ್ರ ಎಲ್ಲಿ ಕೂತಿದೆ ಎಂಬುದು ಒಂದೇ ವರದಿಯಲ್ಲಿ ತಿಳಿಯುತ್ತದೆ. ಬೋರ್ಡೋ ಕಲಸಿದ ಡ್ರಮ್, ಸಿಂಪಡಣೆ ಯಂತ್ರ ತೊಳೆದ ನೀರನ್ನು ಪ್ರತಿ ವರ್ಷ ಒಂದೇ ಮೂಲೆಗೆ ಚೆಲ್ಲುವ ಕಡೆ ಆ ಮೂಲೆಯ ಮಣ್ಣನ್ನು ಬೇರೆಯೇ ಚೀಲದಲ್ಲಿ ಕೊಡಬೇಕು, ಮಿಕ್ಕದ್ದರ ಜೊತೆ ಬೆರೆಸಬಾರದು.